ಬಸವನಹುಳುವಿಗೊಂದು ಗ್ರಾಫಿಕ್ಸ್ ಕಾರ್ಡ್

ಅಕ್ಕ ಮತ್ತು ಭಾವ ಮಾತು ಬಿಟ್ಟು ಕೆಲವು ದಿನಗಳಾದ ಮೇಲೆ ಭಾವ ಒಂದು ಗ್ರಾಫಿಕ್ಸ್ ಕಾರ್ಡ್ ಕೊಂಡು ತಂದರು. ಬೇರೆ ಗಂಡಂದಿರು ಇಂಥ ಹೊತ್ತಿನಲ್ಲಿ ಹೂವನ್ನೋ ಉಂಗುರವನ್ನೋ ತರುತ್ತಾರೆ. ಭಾವ ತಂದದ್ದು ಯಾರೋ ಬಳಸಿ ಬಿಟ್ಟ, ಇಟ್ಟಿಗೆಯಂಥ ಕಾರ್ಡು. ಅದನ್ನು ಮೇಜಿನ ಮೇಲಿಟ್ಟು ನನ್ನ ಕಡೆ ತಿರುಗಿ, "ನಿಮ್ಮಕ್ಕಂಗೆ ಹೇಳು, ಇದು ಆ ಬಸವನಹುಳುಗೆ" ಅಂದರು. ಅಕ್ಕ ಅದೇ ಮೇಜಿನ ಇನ್ನೊಂದು ತುದಿಯಲ್ಲಿ ಕೂತಿದ್ದಳು.

ಜಗಳ ಹುಟ್ಟಿದ್ದೇ ಬಸವನಹುಳುವಿನಿಂದ. ಅಕ್ಕ ಮಕ್ಕಳಿಗಾಗಿ ಕಂಪ್ಯೂಟರಿನಲ್ಲಿ ಕಾರ್ಟೂನ್ ಚಿತ್ರ ಮಾಡುತ್ತಾಳೆ. ಭಾವ ಅದಕ್ಕೆ ಸದ್ದು ಕೂಡಿಸುತ್ತಾರೆ. ಈ ಸಲದ ಚಿತ್ರದ ಕೊನೆಯಲ್ಲಿ ಒಂದು ಬಸವನಹುಳು ಮಳೆಹನಿ ನಿಂತ ಕಿಟಕಿಯ ಗಾಜನ್ನು ದಾಟುತ್ತದೆ. ಅಷ್ಟೇ. ದಾಟುತ್ತಲೇ ಇರುತ್ತದೆ.

"ಸ್ವಲ್ಪ ಉದ್ದ ಆಯ್ತೇನೋ" ಎಂದಿದ್ದರು ಭಾವ.

"ಬಸವನಹುಳು ಏನು ಬಸ್ ಹತ್ತಿ ಹೋಗ್ಬೇಕಿತ್ತಾ?" ಎಂದಿದ್ದಳು ಅಕ್ಕ.

ಅದೇ ಅವರ ಕೊನೆಯ ನೇರ ಮಾತು. ಆಮೇಲೆಲ್ಲ ನನ್ನ ಮೂಲಕ. ಓದು ಮುಗಿಸಿ, ಮುಂದೇನು ಎಂದು ತಿಳಿಯದೆ ಅವರ ಮನೆಯಲ್ಲಿದ್ದೆ. ನನ್ನದು ಮಾತು ಕಡಿಮೆಯಾದ್ದರಿಂದ ನಡುವೆ ಏನನ್ನೂ ಸೇರಿಸುವುದಿಲ್ಲ ಎಂಬ ನಂಬಿಕೆ ಇಬ್ಬರಿಗೂ ಇತ್ತು.

ಚಿತ್ರ ನಾಡಿದ್ದು ಬೆಳಿಗ್ಗೆಯೊಳಗೆ ಸ್ಪರ್ಧೆಗೆ ತಲುಪಬೇಕಿತ್ತು. ಕೊನೆಯ ದೃಶ್ಯವನ್ನು ಲೆಕ್ಕ ಹಾಕಿ ಚಿತ್ರವಾಗಿ ಮೂಡಿಸುತ್ತಿದ್ದದ್ದು ಒಂದು ಹಳೆಯ ಸರ್ವರ್. ಯಾವುದೋ ಕಚೇರಿ ಮುಚ್ಚಿದಾಗ ಹರಾಜಿನಲ್ಲಿ ಸಿಕ್ಕ, ಉದ್ದನೆಯ ಚಪ್ಪಟೆ ಕಬ್ಬಿಣದ ಪೆಟ್ಟಿಗೆ. ಒಂದೊಂದು ಹನಿಯೊಳಗೂ ಬೆಳಕು ಬಾಗಿ ಹೊರಬರಬೇಕಿದ್ದರಿಂದ ಆ ಲೆಕ್ಕ ತೆವಳುತ್ತಿತ್ತು. ಹಾಗೇ ಬಿಟ್ಟರೆ ಹುಳು ಗಾಜು ದಾಟಲು ಇನ್ನೊಂದು ವಾರ ಹಿಡಿಯುತ್ತಿತ್ತು. ಅಕ್ಕನ ಎರಡು ವರ್ಷದ ಕೆಲಸ ಗಾಜಿನ ನಟ್ಟನಡುವೆ ನಿಂತಿತ್ತು. ಇಂಥ ಲೆಕ್ಕವನ್ನು ಹಲವು ಪಟ್ಟು ಬೇಗ ಮುಗಿಸುವುದೇ ಗ್ರಾಫಿಕ್ಸ್ ಕಾರ್ಡಿನ ಕೆಲಸ.

ಸರ್ವರನ್ನು ಆರಿಸಿ, ಊಟದ ಮೇಜಿನ ಮೇಲೆ ಹೊತ್ತು ತಂದಿಟ್ಟು, ಮೇಲಿನ ಮುಚ್ಚಳ ಜಾರಿಸಿ ತೆಗೆದೆವು. ಭಾವ ಕಾರ್ಡನ್ನು ಇಳಿಸಿದರು. ಅದರ ಬಾಲ, ಒಳಗೆ ಗಾಳಿಗೆ ದಾರಿ ಮಾಡುವ ಕಪ್ಪು ಪ್ಲಾಸ್ಟಿಕ್ ಕವಚಕ್ಕೆ ತಾಗಿ ನಿಂತಿತು. ತಿರುಗಿಸಿದರು, ಓರೆ ಮಾಡಿದರು. ಕೂರಲಿಲ್ಲ.

"ಟೇಪ್ ಹಿಡಿದು ಅಳೆದೇ ತಂದಿದ್ದು" ಎಂದರು, ನನಗೆ.

"ಅಳೆದಾಗ ಕವಚ ಇರಲಿಲ್ಲ ಅಂತ ಹೇಳು" ಎಂದಳು ಅಕ್ಕ, ಅವಳೂ ನನಗೆ. "ಧೂಳು ಒರೆಸೋಕೆ ನಾನೇ ತೆಗೆದಿಟ್ಟಿದ್ದೆ."

"ಅಳೆಯೋದನ್ನ ನೋಡಿದ್ಲಂತಾ?"

"ಬಾಗಿಲಲ್ಲೇ ನಿಂತಿದ್ದೆ. ಕೇಳಿದ್ರೆ ಹೇಳ್ತಿದ್ದೆ."

ನಾನು ಯಾವುದನ್ನೂ ದಾಟಿಸಲಿಲ್ಲ. ಎರಡೂ ತಾವಾಗಿಯೇ ತಲುಪಿದ್ದವು.

ಅಕ್ಕ ಕವಚವನ್ನು ಬಿಚ್ಚಿ ತನ್ನ ಮೇಜಿಗೆ ಒಯ್ದಳು. ಪಾತ್ರಗಳ ಮಾದರಿಗಳನ್ನು ಕತ್ತರಿಸುವ ಸಣ್ಣ ಗರಗಸದಿಂದ ಅದರ ಒಂದು ಮೂಲೆಯನ್ನು ಕೊಯ್ದು, ಅಂಚನ್ನು ಉಜ್ಜಿ, ಊದಿ, ನನ್ನ ಕೈಗೆ ಕೊಟ್ಟಳು. ನಾನು ಭಾವನ ಕೈಗೆ ಕೊಟ್ಟೆ. ಕಾರ್ಡು ಕಟಕ್ಕೆಂದು ಕೂತಿತು. ಭಾವನ ಮುಖದಲ್ಲಿ ಮೆಚ್ಚುಗೆ ಎದ್ದಿತು. ಅದನ್ನು ಎಲ್ಲಿಡುವುದೆಂದು ತಿಳಿಯದೆ ಅವರು ನನ್ನನ್ನು ನೋಡಿ ನಕ್ಕರು.

ಇನ್ನು ಕಾರ್ಡಿಗೆ ಕರೆಂಟು. ಭಾವ ಬೇರೊಂದು ಕಂಪ್ಯೂಟರಿನ ವೈರನ್ನು ಡ್ರಾಯರಿನಿಂದ ಹುಡುಕಿ ತೆಗೆದು, ಸರ್ವರಿಗೆ ಒಂದು ತುದಿ ಸಿಕ್ಕಿಸಿ, ಇನ್ನೊಂದನ್ನು ಕಾರ್ಡಿನ ಹತ್ತಿರ ತಂದರು.

"ನಿನ್ ಭಾವಂಗೆ ಹೇಳು," ಎಂದಳು ಅಕ್ಕ, ದನಿ ಏರಿಸದೆ, "ಮೂತಿ ಒಂದೇ ಥರ ಇದೆ, ಒಳಗಿನ ಜೋಡಣೆ ಬೇರೆ. ಅದನ್ನ ಹಾಕಿ ಆನ್ ಮಾಡಿದ್ರೆ ಕಾರ್ಡ್ ಸುಟ್ಟುಹೋಗುತ್ತೆ."

ಭಾವನ ಕೈ ಗಾಳಿಯಲ್ಲೇ ನಿಂತಿತು. ಕೇಳಿಸಿತ್ತು, ಆದರೆ ಸುದ್ದಿ ಇನ್ನೂ ಕ್ರಮವಾಗಿ ಬಂದಿರಲಿಲ್ಲ. ನನ್ನನ್ನೇ ನೋಡುತ್ತ ಕಾದರು.

"ಭಾವ, ಆ ವೈರ್ ಬೇಡವಂತೆ."

"ಓಹೋ, ಹಾಗಾ?" ಎಂದರು, ಈಗಷ್ಟೇ ತಿಳಿದವರಂತೆ. "ಸರಿಯಾದ್ದು ಎಲ್ಲಿದೆಯಂತೆ?"

"ಅಕ್ಕಾ, ಸರಿಯಾದ್ದು—"

"ಕೇಳಿಸ್ತು ಕಣೋ." ಸರ್ವರಿನ ಜೊತೆ ಬಂದಿದ್ದ ಡಬ್ಬಿಯಿಂದ ಅದರದೇ ವೈರು ತೆಗೆದು ನನ್ನ ಕಡೆ ಎಸೆದಳು.

ಮುಚ್ಚಳ ಹಾಕಿ ಗುಂಡಿ ಒತ್ತಿದೆವು. ಏಳುವಾಗ ಆ ಪೆಟ್ಟಿಗೆ ಯಾವಾಗಲೂ ಒಮ್ಮೆ ಗರ್ಜಿಸಿ ಸುಮ್ಮನಾಗುತ್ತದೆ. ಈ ಸಲ ಸುಮ್ಮನಾಗಲಿಲ್ಲ. ಹೊಸ ಕಾರ್ಡಿನ ಗುರುತು ಅದಕ್ಕಿರಲಿಲ್ಲ. ಎಷ್ಟು ಬಿಸಿಯಾಗುವ ಅತಿಥಿಯೋ ತಿಳಿಯದೆ, ಇದ್ದಬದ್ದ ಫ್ಯಾನುಗಳನ್ನೆಲ್ಲ ತಾರಕದಲ್ಲಿ ತಿರುಗಿಸಿತು. ಮೇಜಿನ ಮೇಲಿನ ಚಮಚ ನಡುಗಿತು. ಸದ್ದನ್ನೇ ಉಣ್ಣುವ ಭಾವ ಕೂಡ ಕಿವಿ ಮುಚ್ಚಿಕೊಂಡರು.

ಅಕ್ಕ ಪರದೆಯ ಮುಂದಿನಿಂದ ನನಗೆ ಏನೋ ಹೇಳಿದಳು. ತುಟಿ ಆಡಿದ್ದು ಕಂಡಿತು, ಅಷ್ಟೇ. ಭಾವನೂ ಏನೋ ಕೇಳಿದರು. ನಾನು ಇಬ್ಬರಿಗೂ ಕೈಚೆಲ್ಲಿ ತೋರಿಸಿದೆ. ನನ್ನ ಕೆಲಸ ಹೋಗಿತ್ತು.

ಅಕ್ಕ ಒಂದು ಕ್ಷಣ ತಡೆದಳು. ಆಮೇಲೆ ಎದ್ದು ಬಂದು, ಭಾವನ ಕೈಯನ್ನು ಕಿವಿಯಿಂದ ಸರಿಸಿ ಕೂಗಿದಳು: "ರೀ, ಓಡ್ತಾ ಇದೆ, ಬನ್ನಿ."

ಇಬ್ಬರೂ ಪರದೆಯ ಮುಂದೆ ಬಗ್ಗಿದರು. ಹಿಂದೆ ನಿಂತು ನಾನೂ ನೋಡಿದೆ. ಹನಿಗಳು ಒಂದರ ಹಿಂದೊಂದು ತುಂಬಿಕೊಳ್ಳುತ್ತಿದ್ದವು. ಹುಳು ತನ್ನ ಗಾಂಭೀರ್ಯ ಬಿಡದೆ ಮುಂದೆ ಸರಿಯುತ್ತಿತ್ತು. ಉಳಿದ ಹೊತ್ತಿನ ಅಂದಾಜು ಮೂಲೆಯಲ್ಲಿ ಇಳಿಯುತ್ತ ಇಳಿಯುತ್ತ ನಾಳೆ ಸಂಜೆಗೆ ಬಂದು ನಿಂತಿತು. ಅಕ್ಕ ಕುರ್ಚಿಗೆ ಒರಗಿ ಉಸಿರು ಬಿಟ್ಟಳು.

"ಈಗ್ಲೂ ಸ್ವಲ್ಪ ಉದ್ದಾನೇ," ಎಂದು ಭಾವ ಅವಳ ಕಿವಿಯಲ್ಲಿ ಕೂಗಿದರು. "ಆದ್ರೆ ಚೆನ್ನಾಗಿದೆ."

"ಏನು?"

"ಚೆನ್ನಾಗಿದೆ ಅಂದೆ."

"ಅದಕ್ಕೂ ಮುಂಚೆ ಏನೋ ಅಂದ್ರಲ್ಲ?"

"ಏನೂ ಇಲ್ಲ."

"ಕೇಳಿಸ್ಲಿಲ್ಲ, ಇನ್ನೊಂದ್ಸಲ ಹೇಳಿ."

"ಚೆನ್ನಾಗಿದೆ."

ಫ್ಯಾನುಗಳನ್ನು ತಗ್ಗಿಸಲು ಒಂದು ಸಾಲಿನ ಆಜ್ಞೆ ಸಾಕು. ಈ ಜಾತಿಯ ಸರ್ವರುಗಳ ಸ್ವಭಾವ ಓದಿ ತಿಳಿದಿದ್ದ ನಾನು, ಅದನ್ನು ನನ್ನ ಲ್ಯಾಪ್‌ಟಾಪಿನಲ್ಲಿ ಆಗಲೇ ಟೈಪು ಮಾಡಿಟ್ಟಿದ್ದೆ. ಎಂಟರ್ ಒತ್ತುವುದೊಂದೇ ಬಾಕಿ. ನಿಶ್ಶಬ್ದವೆಂದರೆ ನನಗೆ ಪ್ರಾಣ. ಅಕ್ಕ ತಿರುಗಿ, ಇದರ ಬಾಯಿ ಮುಚ್ಚಿಸಲು ಆಗಲ್ವಾ ಎಂದು ಕೈಸನ್ನೆಯಲ್ಲೇ ಕೇಳಿದಳು.

ಪೆಚ್ಚುಮೋರೆ ಹಾಕಿ, ಆಗಲ್ಲ ಎಂದು ತಲೆಯಲ್ಲಾಡಿಸಿದೆ. ಅಕ್ಕ ಮತ್ತೆ ಭಾವನ ಕಿವಿಗೆ ಬಾಗಿದಳು.