ಗಡಿಯಾಚೆಯ ಬಳೆ

ಕಾಶವ್ವ ಮಾಯಕ್ಕನ ಮುಂಗೈ ಹಿಡಿದುಕೊಂಡಳು. ಅವಳ ಇನ್ನೊಂದು ಕೈಯಲ್ಲಿ ಕಲ್ಲಿತ್ತು.

“ಕೈ ಚಾಚ ಮಾಯಿ. ಹೊತ್ತಾತು, ಹಣಮಪ್ಪನ್ನ ಎತ್ತಬೇಕ.”

ದೇಸೂರಿನ ಆ ಮನೆಯ ಅಂಗಳದಲ್ಲಿ ಹಣಮಪ್ಪನನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಊದಿನಕಡ್ಡಿಯ ಹೊಗೆಯಾಚೆ ಗಂಡ ಕೂತಲ್ಲೇ ತೂಕಡಿಸುತ್ತಿದ್ದಂತೆ ಮಾಯಕ್ಕನಿಗೆ ಕಂಡಿತು.

“ಬಳಿ ಒಡಿಯಾಕ ಕೊಡೂದಿಲ್ಲಕ್ಕಾ. ಒಮ್ಮಿ ಒಡದೀರಿ.”

ಹಣಮಪ್ಪನ ಅಕ್ಕ ಕಾಶವ್ವ ಹರೆಯದಲ್ಲೇ ಗಂಡನನ್ನು ಕಳೆದುಕೊಂಡವಳು. ಅವಳು ಬಾಯಿ ತೆರೆಯುವ ಮೊದಲೇ ಮಾಯಕ್ಕನ ಮಗ ಬೀರೇಶ ತಾಯಿಯತ್ತ ಬಗ್ಗಿ ಪಿಸುಗುಟ್ಟಿದ, “ಅವ್ವಾ, ಮಂದಿ ಏನಂದಾರು?”

*

ಎಪ್ಪತ್ತೊಂದರ ಯುದ್ಧದಲ್ಲಿ ಸಿಪಾಯಿ ಹಣಮಪ್ಪ ಕಾಣೆಯಾಗಿದ್ದಾನೆಂದು ತಾರು ಬಂದಿತ್ತು. ಯುದ್ಧದಲ್ಲಿ ಕಾಣೆಯಾದವನು ಇನ್ನೆಲ್ಲಿ ಬರುತ್ತಾನೆಂದು ಹಿರಿಯರು ಒಂದು ತಿಂಗಳು ಕಾದು, ಸತ್ತನೆಂದೇ ದಿನ ಮಾಡಿ ಕೈತೊಳೆದುಕೊಂಡರು. ಹದಿನೇಳರ ಮಾಯಕ್ಕನ ಬಳೆಗಳನ್ನು ಒಡೆದವಳು ಇದೇ ಕಾಶವ್ವ.

ಮರುವರ್ಷ ಸಿಮ್ಲಾದಲ್ಲಿ ಎರಡೂ ದೇಶಗಳು ಒಪ್ಪಂದಕ್ಕೆ ಸಹಿ ಹಾಕಿದವು. ಚಳಿಗಾಲದಲ್ಲಿ ಸೆರೆಯಾಳುಗಳ ಅದಲುಬದಲಾಯಿತು. ಊರಿಗೆ ಯಾರೂ ಹೇಳಲಿಲ್ಲ.

ಒಂದು ಸಂಜೆ ರೈಲುಗಾಡಿ ಇಳಿದು ಬಂದ ಹಣಮಪ್ಪ ಹೆಂಡತಿಯ ಬೋಳು ಹಣೆ ನೋಡಿ ಗಾಬರಿಯಾದ. ಗಾಬರಿಯಲ್ಲಿ ಬುದ್ಧಿಯೇ ಓಡಲಿಲ್ಲ.

“ಯಾರ ಹೋದ್ರ, ಮಾಯಿ?”

“ನೀವರಿ.”

ಅವನು ನಕ್ಕ, ನಗುನಗುತ್ತಲೇ ಅತ್ತ. ಆಮೇಲೆ ಚೀಲದಿಂದ ಹಸಿರು ಬಳೆಗಳ ಪೊಟ್ಟಣ ತೆಗೆದ.

“ಅಲ್ಲಿ ಸೆರಿಮನ್ಯಾಗ ನಮ್ಮನ್ನ ಕಾಯಾಂವ ಕೊಟ್ಟ. ಅವನ ತಮ್ಮ ನಮ್ಮ ಕಡೆ ಸೆರಿಯಾಗಿದ್ದ. ‘ನೀ ಮನಿ ಮುಟ್ಟಿದ್ರ ನನ್ನ ತಮ್ಮನೂ ಮುಟ್ಟತಾನ, ಇವನ್ನ ಹೆಂಡತಿಗೆ ತೊಡಸು’ ಅಂದ.”

*

ಆ ಒಂದು ಡಜನ್ನಿನಲ್ಲಿ ಉಳಿದದ್ದು ಒಂದೇ ಬಳೆ. ಇವತ್ತು ಬೆಳಿಗ್ಗೆ ಮಾಯಕ್ಕ ಅದನ್ನು ಟ್ರಂಕಿನಿಂದ ತೆಗೆದು ತೊಟ್ಟುಕೊಂಡಿದ್ದಳು.

“ಆಗ ನಾ ಅವಸರ ಮಾಡಿದ್ನಿ,” ಕಾಶವ್ವ ಅಂದಳು. “ಇವತ್ತ ಖರೇನ ಹೋಗ್ಯಾನ, ಮಾಯಿ.”

“ಗೊತ್ತೈತಿ.”

ಖಾನಾಪುರದ ಕಡೆಯಿಂದ ಗಾಡಿ ಕೂಗಿತು, ಬಂದು ದೇಸೂರ ಸ್ಟೇಷನ್ನಿನಲ್ಲಿ ನಿಂತಿತು. ಮಾಯಕ್ಕ ಸ್ಟೇಷನ್ ದಾರಿಯತ್ತ ನೋಡಿದಳು. ಎತ್ತಿದ ಕಲ್ಲನ್ನು ಎತ್ತಿದ ಹಾಗೆಯೇ ಹಿಡಿದು ಕಾಶವ್ವನೂ ಅತ್ತಲೇ ನೋಡಿದಳು.

“ಅತ್ತಿ, ಎತ್ತೂಣೇನ್ರಿ?” ಬೀರೇಶ ಕೇಳಿದ.

ಕಾಶವ್ವ ಕಲ್ಲನ್ನು ಮೆಲ್ಲಗೆ ಸೆರಗಿನೊಳಗೆ ಮುಚ್ಚಿಕೊಂಡಳು.

“ತಡಿಯೋ,” ಅಂದಳು. “ಗಾಡ್ಯಾಗಿನ ಮಂದಿ ಎಲ್ಲಾ ಇಳದ ಬರಲಿ.”