ಪಂಚಮದಲ್ಲಿ ಬಂದು ಮಧ್ಯಮದಲ್ಲಿ ಹೋದ ಬಸ್ಸು

ಇಳಿಜಾರಿನಲ್ಲಿ ಬಸ್ಸೊಂದು ಹಾರನ್ ಒತ್ತಿಕೊಂಡೇ ಬಂದು, ನಿಮ್ಮನ್ನು ಹಾದು ಆಚೆ ಹೋಗುವುದನ್ನು ಒಮ್ಮೆ ಗಮನವಿಟ್ಟು ಕೇಳಿ. ಬರುವಾಗ ಏರಿದ ಸ್ವರ, ದಾಟಿದ ಕ್ಷಣ ಜಗ್ಗಿ ಕೆಳಗಿಳಿಯುತ್ತದೆ. ಆ ಇಳಿತವೇ ನನ್ನ ಸ್ನೇಹಿತನ ಕೈಯಿಂದ ಸ್ಟೀರಿಂಗ್ ಕಿತ್ತುಕೊಂಡಿತು. ಇಷ್ಟು ವರ್ಷವಾದರೂ ನೆನೆದರೆ ಮೈ ಉರಿಯುತ್ತದೆ. ನಡುವೆ ದನಿ ಏರಿಸಿದರೆ ಸಹಿಸಿಕೊಳ್ಳಿ.

ಆಗ ನಾನು ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಗುರುಶಾಂತಪ್ಪ ಡ್ರೈವರ್, ಇಪ್ಪತ್ತೆರಡು ವರ್ಷದಲ್ಲಿ ಒಂದು ಕೋಳಿಯನ್ನೂ ತುಳಿದವನಲ್ಲ. ಗುಡ್ಡದ ಮೇಲಿನ ಊರಿನಿಂದ ನಮ್ಮೂರಿಗೆ ಇಳಿಯುವ ಎಕ್ಸ್‌ಪ್ರೆಸ್ ಅವನದು. ಆ ಇಳಿಜಾರಿಗೆ ಹೊಂದಿಕೊಂಡೇ ಸಂಗೀತದ ಶೇಷಾದ್ರಿ ಮೇಷ್ಟ್ರ ಮನೆ. ಒಂದು ದಿನ ಮೇಷ್ಟ್ರು ನಮ್ಮ ಮ್ಯಾನೇಜರಿಗೆ ದೂರು ಬರೆದರು: ಈ ಬಸ್ಸಿಗೆ ಎರಡು ಹಾರನ್ ಹಾಕಿದ್ದಾರೆ, ಬರುವಾಗ ನನ್ನ ತಂಬೂರಿಯ ಪಂಚಮ, ಹೋಗುವಾಗ ಮಧ್ಯಮ, ಪಾಠ ಕೆಡುತ್ತಿದೆ.

ಎರಡು ಸ್ವರದ ಹಾರನ್ ನಮ್ಮಲ್ಲಿ ನಿಷೇಧ. ಹಾಕಿದವನ ಕೆಲಸ ಹೋಗುತ್ತದೆ ಎಂದು ಮ್ಯಾನೇಜರ್ ಹಿಂದಿನ ತಿಂಗಳಷ್ಟೇ ಬೋರ್ಡಿನ ಮೇಲೆ ಬರೆಸಿದ್ದರು. ಡಿಪೋದ ಪದ್ಧತಿಯಂತೆ ಬಸ್ಸನ್ನು ಅಂಗಳದಲ್ಲಿ ನಿಲ್ಲಿಸಿ ಹಾರನ್ ಒತ್ತಿಸಿದರು. ಒಂದೇ ಸ್ವರ. ಅಲ್ಲಿಗೆ ಮುಗಿಯಬೇಕಿತ್ತು ತಾನೆ? ಮುಗಿಯಲಿಲ್ಲ.

“ಇನ್ನೊಂದನ್ನ ಬಿಚ್ಚಿಟ್ಟಿದೀರ,” ಎಂದು ಮ್ಯಾನೇಜರ್ ನನ್ನತ್ತ ತಿರುಗಿದರು. “ಎಲ್ಲಯ್ಯ ಅದು?”

“ಇದ್ರೆ ತಾನೆ ಸಾರ್ ಬಿಚ್ಚೋದು?”

“ಹಂಗಾದ್ರೆ ಮೇಷ್ಟ್ರು ಸುಳ್ಳು ಹೇಳ್ತಿದಾರಾ?”

“ತಂಬೂರಿ ಕೇಳಿ ಕೇಳಿ ಅವ್ರ ಕಿವಿ ಸವೆದಿರ್ಬೇಕು.”

ನಾನು ಆ ಮಾತು ಆಡಬಾರದಿತ್ತು. ಮರುದಿನ ಮೇಷ್ಟ್ರ ಗೇಟಿನಲ್ಲಿ ನಿಂತೆ. ಬಸ್ ಬಂತು, ಹೋಯಿತು, ಸ್ವರ ಇಳಿಯಿತು. ಅಷ್ಟು ವರ್ಷ ಕಿವಿಗೆ ಬಿದ್ದದ್ದನ್ನು ಅಂದೇ ಮೊದಲು ಕೇಳಿಸಿಕೊಂಡೆ. ಆ ಹಾರನ್ ಕೂರಿಸಿದ್ದು ನನ್ನದೇ ಕೈ. ಎರಡನೆಯದು ಇಲ್ಲವೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

“ಒಳಗೆ ಕೂತ್ರೆ ನಂಗೆ ಒಂದೇ ಕೇಳೋದು ಕಣೋ, ಮಕ್ಕಳಾಣೆ,” ಎಂದ ಗುರುಶಾಂತಪ್ಪ. ಅವನ ಮುಖ ಬಾಡಿಹೋಗಿತ್ತು.

ನಾನು ಹೈಸ್ಕೂಲಿನ ವಿಜ್ಞಾನದ ವಿಮಲಾಕ್ಷಿ ಟೀಚರ ಬಳಿಗೆ ಓಡಿದೆ. ಕೇಳಿದ್ದೇ ಅವರು ನಕ್ಕುಬಿಟ್ಟರು. ಮ್ಯಾನೇಜರ್ ತಮ್ಮ ಕೋಣೆಯಲ್ಲಿ ವಿಚಾರಣೆ ಇಟ್ಟ ದಿನ ತಾವಾಗಿಯೇ ಜೊತೆಗೆ ಬಂದರು. ಮೇಷ್ಟ್ರನ್ನೂ ಅಲ್ಲಿಗೆ ಕರೆಸಿದ್ದರು.

“ಸಾರ್, ಬಸ್‌ಸ್ಟ್ಯಾಂಡಿಂದ ಹತ್ತು ನಿಮಿಷಕ್ಕೊಂದು ಬಸ್ ಬಿಡ್ತೀರ ಅಂದ್ಕೊಳ್ಳಿ,” ಎಂದರು ಟೀಚರ್. “ಮುಂದಿನ ಸ್ಟಾಪಲ್ಲಿ ನಿಂತವರಿಗೆ ಎಷ್ಟು ಹೊತ್ತಿಗೊಂದು ಸಿಗುತ್ತೆ?”

“ಹತ್ತು ನಿಮಿಷಕ್ಕೆ. ಇನ್ನೇನು?” ಎಂದರು ಮ್ಯಾನೇಜರ್.

“ಈಗ ಬಸ್‌ಸ್ಟ್ಯಾಂಡೇ ಅವರ ಕಡೆ ಬರ್ತಿದೆ ಅಂದ್ಕೊಳ್ಳಿ.”

“ಬಸ್‌ಸ್ಟ್ಯಾಂಡು ಹೆಂಗಮ್ಮ ಬರುತ್ತೆ?”

“ಬಂತು ಅಂತಿಟ್ಕೊಳ್ಳಿ ಸಾರ್. ಒಂದೊಂದು ಬಸ್ಸಿಗೂ ಹಿಂದಿನದಕ್ಕಿಂತ ದಾರಿ ಕಡಿಮೆ. ಒಂಬತ್ತು ನಿಮಿಷಕ್ಕೇ ಒಂದು ಸಿಗುತ್ತೆ. ಸ್ಟ್ಯಾಂಡು ಅವರನ್ನ ದಾಟಿ ದೂರ ಹೋಗ್ತಿದ್ರೆ ಹನ್ನೊಂದಾಗುತ್ತೆ. ಹಾರನ್ ಸದ್ದೂ ಹೀಗೇ ಅಲೆ ಅಲೆಯಾಗಿ ಹೊರಡೋದು. ಹತ್ತಿರ ಬರುವಾಗ ಅಲೆಗಳು ಬೇಗ ಬೇಗ ಕಿವಿಗೆ ಬೀಳುತ್ವೆ, ಸ್ವರ ಏರುತ್ತೆ. ದೂರ ಹೋಗುವಾಗ ತಡವಾಗಿ ಬೀಳುತ್ವೆ, ಇಳಿಯುತ್ತೆ. ಡ್ರೈವರು ಹಾರನ್ ಜೊತೆಗೇ ಹೋಗ್ತಾರಲ್ಲ, ಅವ್ರಿಗೆ ಒಂದೇ ಸ್ವರ. ಹಾರನ್ನೂ ಒಂದೇ.”

ಶೇಷಾದ್ರಿ ಮೇಷ್ಟ್ರು ಎದ್ದು ನಿಂತು ಕೈಮುಗಿದರು. “ಗುರುಶಾಂತಪ್ಪನವರೇ, ನನ್ನ ಕಿವಿ ಸರಿಯಿತ್ತು, ತಲೆ ತಪ್ಪಿತು. ಕಾಗದ ವಾಪಸ್ ತಗೋತೀನಿ.”

ನಾವು ಆಗಲೇ ಬಾಗಿಲ ಬಳಿ ಬಂದಿದ್ದೆವು.

“ಸ್ವಲ್ಪ ನಿಲ್ಲಿ,” ಎಂದರು ಮ್ಯಾನೇಜರ್. “ಟೀಚರೇ, ಸ್ಪೀಡ್ ಜಾಸ್ತಿಯಾದ್ರೆ ಸ್ವರಾನೂ ಜಾಸ್ತಿ ಇಳಿಯುತ್ತಾ?”

“ಹೌದು ಸಾರ್!” ಒಳ್ಳೆಯ ಪ್ರಶ್ನೆ ಕೇಳಿದ ವಿದ್ಯಾರ್ಥಿಯನ್ನು ಕಂಡಂತೆ ಟೀಚರ ಮುಖ ಅರಳಿತು.

“ಪಂಚಮದಿಂದ ಮಧ್ಯಮಕ್ಕೆ ಇಳಿದ್ರೆ ಎಷ್ಟು ಸ್ಪೀಡು?”

ಪಾಪ, ಅವರಿಗೆ ಲೆಕ್ಕವಷ್ಟೇ ಕಂಡಿತು, ಗುಂಡಿ ಕಾಣಲಿಲ್ಲ. ಆ ಎರಡು ಸ್ವರಗಳ ಅನುಪಾತವೆಷ್ಟೆಂದು ಮೇಷ್ಟ್ರನ್ನು ಕೇಳಿದರು. “ಒಂಬತ್ತಕ್ಕೆ ಎಂಟು,” ಎಂದರು ಮೇಷ್ಟ್ರು. ದೂರಿನ ಕಾಗದದ ಬೆನ್ನಿಗೇ ಲೆಕ್ಕ ಮಾಡಿದ ಟೀಚರ್ “ಗಂಟೆಗೆ ಎಪ್ಪತ್ತೆರಡು ಕಿಲೋಮೀಟರ್…” ಎಂದು ಅಲ್ಲೇ ನಿಂತರು. ಆ ರಸ್ತೆಯಲ್ಲಿ ಐವತ್ತರ ಮೇಲೆ ಓಡಿಸುವಂತಿರಲಿಲ್ಲ.

ಗುರುಶಾಂತಪ್ಪ ತಲೆ ತಗ್ಗಿಸಿದ. ನಾನು ತಗ್ಗಿಸಲಿಲ್ಲ. ಮ್ಯಾನೇಜರ ತಲೆಯ ಹಿಂದೆ, ಗೋಡೆಯ ಮೇಲೆ, ಅವರ ಸಹಿಯೇ ಇದ್ದ ಟೈಮ್‌ಟೇಬಲ್ ತೂಗುತ್ತಿತ್ತು. ಗುಡ್ಡದಿಂದ ಊರಿಗೆ ಮೊದಲು ಇಪ್ಪತ್ತೈದು ನಿಮಿಷವಿತ್ತು. ಮೇಲಿನವರಿಂದ ಶಹಭಾಸ್ ಅನ್ನಿಸಿಕೊಳ್ಳಲು ಅದನ್ನು ಹದಿನೈದು ಮಾಡಿದವರು ಇದೇ ಮಹಾಶಯರು. ಎರಡು ನಿಮಿಷ ತಡವಾದರೂ ಡ್ರೈವರಿಗೆ ಮೆಮೊ.

“ಇದನ್ನೂ ಲೆಕ್ಕ ಹಾಕಿ ಟೀಚರೇ!” ಎಂದು ಕೂಗಿದೆ. “ಹದಿನೆಂಟು ಕಿಲೋಮೀಟರು, ಹದಿನೈದು ನಿಮಿಷ!”

ಅದಕ್ಕೆ ಕಾಗದವೂ ಬೇಕಾಗಲಿಲ್ಲ. “ಎಪ್ಪತ್ತೆರಡು,” ಎಂದರು ಅವರು, ಮ್ಯಾನೇಜರನ್ನೇ ನೋಡುತ್ತ. “ಅದೇ ಎಪ್ಪತ್ತೆರಡು, ಸಾರ್.”

“ಟೈಮ್‌ಟೇಬಲ್ ಬೇರೆ, ಕಾನೂನು ಬೇರೆ,” ಎಂದು ಮ್ಯಾನೇಜರ್ ಆ ಕಾಗದವನ್ನು ನಾಲ್ಕಾಗಿ ಮಡಚಿ ಫೈಲಿನೊಳಗೆ ಸೇರಿಸಿದರು. ಎಂಥಾ ಮಾತು! ಒಬ್ಬನಿಗೆ ಓಡು ಎಂದು ಹೇಳಿ, ಓಡಿದ್ದಕ್ಕೆ ಕಾಲು ಕಟ್ಟುವುದು!

ಗುರುಶಾಂತಪ್ಪನನ್ನು ಸ್ಟೀರಿಂಗಿನಿಂದ ಇಳಿಸಿ ಅಂಗಳಕ್ಕೆ ಹಾಕಿದರು. ಕೆಲಸವೇನು ಗೊತ್ತೆ? ನಿಂತ ಬಸ್ಸುಗಳ ಹಾರನ್ ಒತ್ತಿ ಪರೀಕ್ಷೆ ಮಾಡುವುದು. ಇಪ್ಪತ್ತೆರಡು ವರ್ಷ ರಸ್ತೆ ಕಂಡವನು ದಿನವಿಡೀ ಒಂದೇ ಸ್ವರ ಒತ್ತುತ್ತ ಕೂತ. ಟೀಚರ ಬಳಿಗೆ ಓಡಿದವನು ನಾನು, ಅವನ ಮುಖ ನೋಡಲಾರದೆ ಬಸ್ಸಿನ ಕೆಳಗೆ ತೂರಿಕೊಳ್ಳುತ್ತಿದ್ದೆ.

ತಿಂಗಳ ಬಳಿಕ ಮೇಷ್ಟ್ರು ನಮ್ಮಿಬ್ಬರನ್ನೂ ಕಾಫಿಗೆ ಕರೆದರು. ಜಗಲಿಯ ಮೇಲೆ ಮೂವರೂ ಲೋಟ ಹಿಡಿದು ಕೂತಿದ್ದೆವು. ಅಷ್ಟರಲ್ಲಿ ಮೇಲಿನಿಂದ ಎಕ್ಸ್‌ಪ್ರೆಸ್ಸಿನ ಹಾರನ್ ಕೇಳಿಸಿತು. ಸ್ಟೀರಿಂಗಿನಲ್ಲಿ ಹೊಸ ಡ್ರೈವರ್. ಬಸ್ಸು ಧೂಳೆಬ್ಬಿಸಿ ಮುಂದೆ ಹಾದುಹೋಯಿತು. ಅದೇ ಏರು, ಅದೇ ಇಳಿತ. ಮೇಷ್ಟ್ರು ಕಣ್ಣು ಮುಚ್ಚಿಕೊಂಡರು.

ಗುರುಶಾಂತಪ್ಪ ಒಳಗಿನ ಗೋಡೆ ಗಡಿಯಾರದತ್ತ ಕತ್ತು ಚಾಚಿದ.

“ಒಂದು ನಿಮಿಷಾನೂ ಲೇಟಿಲ್ಲ,” ಎಂದ.

ಬಸ್ಸು ತಿರುವಿನಲ್ಲಿ ಮರೆಯಾಯಿತು. ಮೂಲೆಗೆ ಒರಗಿಸಿದ್ದ ತಂಬೂರಿಯಲ್ಲಿ, ಯಾರೂ ಮೀಟದ ಪಂಚಮದ ತಂತಿ ಇನ್ನೂ ಸಣ್ಣಗೆ ನಡುಗುತ್ತಿತ್ತು.