ಎರಡು ಕೆಮ್ಮು

ನೊಣ ಮತ್ತೆ ಬಂದು ಕುದುರೆಯ ಎಡಗಿವಿಯ ಮೇಲೇ ಕೂತಿತು, ಕಿವಿ ಅಲುಗಿತು, ನೊಣ ಎದ್ದಿತು, ಮತ್ತೆ ಕೂತಿತು — ನೊಣ ಓಡಿಸುವಷ್ಟು ಚುರುಕಿದೆ ಇನ್ನೂ, ಇಂಥವನನ್ನು ಮುಗಿಸಬೇಕಂತೆ, ಎಂದುಕೊಂಡು ಅವಳು ಲಗಾಮನ್ನು ಮುಂಗೈಗೆ ಇನ್ನೊಂದು ಸುತ್ತು ಸುತ್ತಿಕೊಂಡಳು. ಬೇಕರಿಯ ಹಿತ್ತಲಲ್ಲಿ ಎಳೆಬಿಸಿಲು, ಒಲೆಯ ಬೂದಿಯ ವಾಸನೆ, ಕಲ್ಲುಹಾಸಿನ ಮೇಲೆ ದನದ ಡಾಕ್ಟರ ಚೀಲ ಬಾಯಿ ತೆರೆದು ಕೂತಿದೆ, ಅತ್ತ ನೋಡಬಾರದು, ಕಿವಿ ನೋಡು, ಕಿವಿ. ಅತ್ತಿಗೆ, ನೀವು ಒಳಗೆ ಹೋಗಿ, ಇದೆಲ್ಲ ನೋಡೋದಲ್ಲ, ನಾನು ಹಿಡ್ಕೋತೀನಿ ಎನ್ನುತ್ತಾನೆ ಮೈದುನ, ಹಿಟ್ಟು ನಾದುವುದು ಬಿಟ್ಟು ಇನ್ನೊಂದು ತಿಳಿಯದವನು, ಇಪ್ಪತ್ತೆರಡು ವರ್ಷದಲ್ಲಿ ಒಂದು ದಿನ ಈ ಕುದುರೆಗೆ ಒಂದು ಬಕೆಟ್ ನೀರಿಟ್ಟವನಲ್ಲ, ಈಗ ಹಿಡಿಯುತ್ತಾನಂತೆ — ನೀನು ಸುಮ್ನಿರಪ್ಪ, ಲಗಾಮು ಹಿಡಿದೋಳು ನಾನು, ಬಿಡೋಳೂ ನಾನೇ. ಕುದುರೆಗೆ ಮಾವ ಎಂದು ಹೆಸರಿಟ್ಟದ್ದು ಅವಳ ಗಂಡ, ಕೊಂಡು ತಂದ ದಿನವೇ, ಆ ಉದ್ದ ಮುಖ, ಆ ಮೇಲಿಂದ ಕೆಳಗೆ ನೋಡೋ ನೋಟ, ಥೇಟು ನಿಮ್ಮಪ್ಪಾನೇ ಕಣೇ ಎಂದು, ಸುದ್ದಿ ಮುಟ್ಟಿ ಅಪ್ಪ ಮೂರು ತಿಂಗಳು ಈ ಮನೆಯ ಹೊಸ್ತಿಲು ತುಳಿಯಲಿಲ್ಲ, ಆಮೇಲೆ ಬಂದವನು ನೆಟ್ಟಗೆ ಲಾಯಕ್ಕೆ ಹೋಗಿ ಕುದುರೆಯ ಮುಂದೆ ಬಹಳ ಹೊತ್ತು ನಿಂತು, ಹಲ್ಲು ನನ್ನವಕ್ಕಿಂತ ಚೆನ್ನಾಗಿವೆ ಎಂದಿದ್ದ. ಅಪ್ಪ ಹೋದ, ಗಂಡನೂ ಹೋದ, ಉಳಿದವನು ಇವನೊಬ್ಬ. ಗಂಡ ಹೋದ ಹದಿನಾಲ್ಕನೆಯ ದಿನ ಅವಳೇ ಗಾಡಿ ಹತ್ತಿದ್ದಳು, ಹೆಂಗಸು ಗಾಡಿ ಹೊಡೆದ್ರೆ ಬೆಳಗಿನ ಬ್ರೆಡ್ಡು ಸಂಜೆಗೆ ಬರುತ್ತೆ ಅಂತ ಬೀದಿಯವರು ನಕ್ಕರು, ಬಂತು, ಬೆಳಿಗ್ಗೆ ಏಳಕ್ಕೆ ಸರಿಯಾಗಿ ಬಂತು, ನಕ್ಕವರೇ ಬಾಗಿಲಲ್ಲಿ ನಿಂತು ಬ್ರೆಡ್ಡಮ್ಮ ಬ್ರೆಡ್ಡಮ್ಮ ಎಂದು ಕರೆದರು. ಆಗಿನಿಂದಲೇ ಈ ಕೆಮ್ಮು. ಹಿಟ್ಟಿನ ಧೂಳಿಗೆ ಗಂಟಲು ಕೆರೆದು, ನಡಿ ಎನ್ನುವ ಮುಂಚೆ ಎರಡು ಸಲ ಕೆಮ್ಮುವಳು, ಪೆದ್ದ ಅದನ್ನೇ ಅಪ್ಪಣೆ ಎಂದು ತಿಳಿದುಕೊಂಡ, ಎಡಗಿವಿ ಅವಳತ್ತ ತಿರುಗುವುದು, ಆಮೇಲೆ ಕಾಲು ಎತ್ತುವುದು, ಅಷ್ಟೇ, ನಡಿ ಎಂದು ಗಂಟಲು ಹರಿದುಕೊಂಡರೂ ಕದಲುವವನಲ್ಲ, ಎರಡು ಕೆಮ್ಮು ಬೇಕು, ಅವಳಿಗೆ ನೆಗಡಿಯಾದ ವಾರವಂತೂ ಗಾಡಿ ತಾನೇ ಹೊರಟುಬಿಡುತ್ತಿತ್ತು, ಬುಟ್ಟಿ ಹಿಡಿದು ಇವಳು ಹಿಂದೆ ಓಡುವುದು, ಬೀದಿಗೆಲ್ಲ ಬಿಟ್ಟಿ ತಮಾಷೆ. ನಲವತ್ತು ಬಾಗಿಲು, ಒಂದನ್ನೂ ಮರೆಯಲಿಲ್ಲ, ಟೀಚರಮ್ಮ ಸತ್ತು ಮನೆಗೆ ಬೀಗ ಬಿದ್ದು ಆರು ವರ್ಷವಾದರೂ ಅಲ್ಲಿ ನಿಂತೇ ನಿಂತ, ಅವಳೂ ಒಂದು ಬ್ರೆಡ್ಡು ಕೊಡುವಷ್ಟು ಹೊತ್ತು ಬೀಗ ನೋಡುತ್ತ ಕಾದು, ಆಮೇಲೆ ಕೆಮ್ಮುವಳು. ಯಾರಿಗಮ್ಮ ಕಾಯ್ತೀಯಾ ಎಂದು ಎದುರುಮನೆಯ ದರ್ಜಿ ಕೇಳಿದರೆ, ಟೀಚರಮ್ಮ ಇಲ್ಲ ಅಂತ ನೀನೇ ಇವನಿಗೆ ಹೇಳಪ್ಪ, ನನ್ನ ಕೈಲಾಗಲ್ಲ.

ಮೊನ್ನೆ ಆ ಬಾಗಿಲ ಮುಂದೆಯೇ ಬಿದ್ದ. ದರ್ಜಿ, ಮೈದುನ, ಇನ್ನಿಬ್ಬರು ಸೇರಿ ಎಬ್ಬಿಸಿದರು, ಹಿಂಗಾಲಿನ ಕೀಲು ಕುಂಬಳಕಾಯಿಯಷ್ಟು ಊದಿ, ರಾತ್ರಿಯಿಡೀ ಹಲ್ಲು ಕಡಿದ, ಇನ್ನು ವಾಸಿಯಾಗಲ್ಲಮ್ಮ, ನಿಮ್ಮ ಆಸೆಗೆ ಅವನಿಗೆ ನೋವು ತಿನ್ನಿಸಬೇಡಿ ಎಂದರು ಡಾಕ್ಟರು, ಆ ಮಾತು ನಿಜ, ನಿಜವಾಗಿದ್ದಕ್ಕೇ ಮೈ ಉರಿಯಿತು. ಸರಿ, ಆಗಲಿ, ಆದರೆ ನಾನು ಹೇಳಿದ ಹಾಗೆ. ಕಣ್ಣಿಗೆ ಬಟ್ಟೆ ಕಟ್ಟೋಣ — ಬೇಡ, ಇವನೇನು ಕಳ್ಳನೇ. ಹಗ್ಗ ಹಾಕಿ ಮಲಗಿಸಿಬಿಡೋಣ — ಬೇಡ, ನಿಂತು ದುಡಿದವನು, ನಿಂತೇ ಇರಲಿ. ಡಾಕ್ಟರು ಮೈದುನನ ಮುಖ ನೋಡಿದರು, ಅವನು ಹೆಗಲು ಕುಣಿಸಿದ, ನಮ್ಮತ್ತಿಗೆ ಹಿಡಿದಿದ್ದೇ ಹಟ ಸಾರ್. ಹೌದು, ಹಟವೇ, ಹಟವಿಲ್ಲದಿದ್ದರೆ ನಿನ್ನ ಒಲೆ ಎಂದೋ ಆರುತ್ತಿತ್ತು. ಸೂಜಿ ಕುತ್ತಿಗೆಗೆ ಹೋಯಿತು, ಚರ್ಮ ಒಮ್ಮೆ ನಡುಗಿತು, ಇದು ಮಂಪರಿಗೆ, ಈಗ ಮಂಡಿ ಮಡಚ್ತಾನೆ, ಇನ್ನೊಂದು ಆಮೇಲೆ ಎಂದರು ಡಾಕ್ಟರು. ಮಡಚಲಿಲ್ಲ. ತಲೆ ಜೋತಿತು, ತುಟಿ ಜೋತಿತು, ನೊಣ ಕಿವಿಯ ಮೇಲೆ ಕೂತೇ ಇದೆ, ಓಡಿಸುತ್ತಿಲ್ಲ, ಕಾಲು ಮಾತ್ರ ನೆಲ ಬಿಡುತ್ತಿಲ್ಲ. ಡಾಕ್ಟರು ಗಡಿಯಾರ ನೋಡುತ್ತಾರೆ, ಇಷ್ಟು ಹೊತ್ತು ಯಾರೂ ನಿಲ್ಲಲ್ಲ, ಯಾಕಮ್ಮ ಇನ್ನೂ ನಿಂತಿದಾನೆ. ಯಾಕೆಂದು ಅವಳಿಗೆ ಗೊತ್ತು, ಲೋಕದಲ್ಲಿ ಅವಳೊಬ್ಬಳಿಗೇ ಗೊತ್ತು, ಗಂಟಲಲ್ಲಿ ಆ ಕೆರೆತ ಬೆಳಗಿನಿಂದ ಕೂತಿದೆ, ನುಂಗುತ್ತಲೇ ಇದ್ದಾಳೆ, ಕೆಮ್ಮುವುದಿಲ್ಲ, ಏನು ಮಾಡುತ್ತೀರೋ ಮಾಡಿಕೊಳ್ಳಿ, ನಾನು ಕೆಮ್ಮದೆ ಇವನು ಹೋಗುವವನಲ್ಲ, ಸಂಜೆತನಕ ನಿಲ್ಲುತ್ತೇವೆ, ನಾಳೆತನಕ ನಿಲ್ಲುತ್ತೇವೆ, ನಾವಿಬ್ಬರೂ ಬೀಗದ ಮುಂದೆ ಆರು ವರ್ಷ ನಿಂತವರು — ಆಗ ಊದಿದ ಕಾಲು ತೊಡೆಯವರೆಗೆ ನಡುಗಲು ಶುರುವಾಯಿತು, ಬೆವರು ಹೊಟ್ಟೆಯಿಂದ ಕಲ್ಲಿನ ಮೇಲೆ ತೊಟ್ಟಿಕ್ಕುತ್ತಿದೆ, ಅಪ್ಪಣೆಗೆ ಕಾಯುತ್ತ ನೋವು ತಿನ್ನುತ್ತಿದ್ದಾನೆ, ತಿನ್ನಿಸುತ್ತಿರುವವಳು ಅವಳೇ. ಅವಳು ಎಡಹೆಗಲಿಗೆ ಒರಗಿ ನಿಂತಳು, ಲಗಾಮನ್ನು ಮುಂಗೈಯಿಂದ ಒಂದೊಂದೇ ಸುತ್ತು ಬಿಚ್ಚಿದಳು. ಒಂದು ಬ್ರೆಡ್ಡು ಕೊಡುವಷ್ಟು ಹೊತ್ತು. ಹೋಗೋದಾದ್ರೆ ನನ್ನ ಮಾತಿಗೆ ಹೋಗು ಮಾವ, ಇವರ ಸೂಜಿಗಲ್ಲ — ಕೆಮ್ಮಿದಳು, ಒಂದು, ಇನ್ನೊಂದು, ಕಿವಿ, ಎಡಗಿವಿ, ಅವಳತ್ತ ತಿರುಗಿತು